ಅಂಟಣ್ಣನ ಮೂಗು

ಅಂಟಣ್ಣನಿಗೆ ವಾಸನೆ ತಿಳಿಯುವುದಿಲ್ಲ ಎಂಬುದು ಅವನ ಹೆಂಡತಿಯೊಬ್ಬಳಿಗೇ ಗೊತ್ತಿತ್ತು. ಅದು ಗೊತ್ತಾದ ದಿನ ಅವನು ಒಲೆಗೆ ಬೆನ್ನು ಹಾಕಿ ಕೂತು ಪೇಪರ್ ಓದುತ್ತಿದ್ದ. ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಕರಕಲಾಗಿತ್ತು. ಪಕ್ಕದ ಮನೆಯಾಕೆ ಕಿಟಕಿಯಿಂದ ತಲೆ ಹಾಕಿ ಏನೋ ಸೀಯುತ್ತಿದೆ ಎಂದು ಕೂಗಿದಳು. ಅವಳ ಮನೆಯದೇ ಇರಬೇಕೆಂದುಕೊಂಡು ಅವನು ಪುಟ ತಿರುಗಿಸಿದ.

ಬಟ್ಟೆ ಒಣಹಾಕಿ ಬಂದ ಹೆಂಡತಿ ಒಲೆ ಆರಿಸಿ, ಪಾತ್ರೆಯನ್ನು ಅವನ ಮೂಗಿನ ಕೆಳಗೇ ಹಿಡಿದಳು.

"ಊರಿಗೆಲ್ಲ ಗೊತ್ತಾಗಿದೆ, ನಿಮಗೆ ಗೊತ್ತಾಗಲಿಲ್ವಾ?"

"ಶೀತ."

"ಎಷ್ಟು ದಿನದಿಂದ ಶೀತ?"

ಅವನು ಪೇಪರ್ ಮಡಚಿದ. "ಎರಡು ವರ್ಷದಿಂದ."

ಮೂಗು ಹೋದರೆ ಹೋಗಲಿ, ಕಣ್ಣಿದೆ, ಕಿವಿಯಿದೆ ಎನ್ನಬಹುದು. ಆದರೆ ಅವನ ಹೊಟ್ಟೆಪಾಡು ನಿಂತಿದ್ದೇ ಮೂಗಿನ ಮೇಲೆ. ಮನೆಗಳ ಕಾಂಕ್ರೀಟು ನೆಲಕ್ಕೆ ರಬ್ಬರ್ ಹಾಳೆ, ಟೈಲು, ಕಾರ್ಪೆಟ್ಟು ಅಂಟಿಸುವುದು, ಹಳತಾದ ಮೇಲೆ ಅದನ್ನು ಕಿತ್ತು ತಳದಲ್ಲಿ ಉಳಿದ ಅಂಟನ್ನು ತೆಗೆಯುವುದು ಅವನ ಕಸುಬು. ಕೀಳುವುದಕ್ಕೆ ರಟ್ಟೆ ಸಾಕು. ಅಂಟು ತೆಗೆಯುವುದಕ್ಕೆ ಅದು ಎಂಥದು ಎಂದು ತಿಳಿದಿರಬೇಕು. ಉಗುರಿನಷ್ಟು ಕೆರೆದು, ಎರಡು ಬೆರಳ ನಡುವೆ ಉಜ್ಜಿ, ಮೂಗಿಗೆ ಹಿಡಿದು ಹೇಳಿಬಿಡುತ್ತಿದ್ದ. ಇದು ನೀರಿನ ಅಂಟು, ಬಿಸಿನೀರಲ್ಲಿ ನೆನೆದ ಬಟ್ಟೆ ಹಾಸಿ ಅರ್ಧ ಗಂಟೆ ಬಿಟ್ಟರೆ ಕೆನೆಯ ಹಾಗೆ ಎದ್ದು ಬರುತ್ತೆ. ಇದು ರಬ್ಬರಿನದು, ನೀರಿಗೆ ಬಗ್ಗುವುದಿಲ್ಲ, ಥಿನ್ನರ್ರೋ ಜೆಲ್ಲೋ ಬೇಕು. ಇದು ಎರಡು ಡಬ್ಬಿ ಕಲಸಿ ಹಚ್ಚಿದ್ದು, ಅಪ್ಪನಾಣೆಗೂ ಕರಗದು, ಮೆಷಿನ್ ಹಾಕಿ ಉಜ್ಜಬೇಕು. ಡಾಂಬರಿನ ವಾಸನೆಯ ಹಳೇ ಕಪ್ಪು ಅಂಟು ಬಂದರೆ ಮಾತ್ರ ಉಳಿ ಕೆಳಗಿಟ್ಟು ಎದ್ದುಬಿಡುತ್ತಿದ್ದ. "ಇದನ್ನ ಕೆರೀಬೇಡಿ, ಧೂಳು ಎಬ್ಬಿಸಬೇಡಿ. ಮೊದಲು ಪರೀಕ್ಷೆ ಮಾಡಿಸಿ. ಇದರಲ್ಲಿ ಕಲ್ನಾರು ಇರಬಹುದು, ಅದರ ಧೂಳು ಪುಪ್ಪುಸಕ್ಕೆ ಹೋದ್ರೆ ಇಪ್ಪತ್ತು ವರ್ಷ ಸುಮ್ನಿದ್ದು ಆಮೇಲೆ ಲೆಕ್ಕ ಕೇಳತ್ತೆ."

ಹೊಸ ಅಂಟು ಆರಿಸುವಾಗಲೂ ಅಷ್ಟೇ. ಅಂಗಡಿಯವನು ಡಬ್ಬಿಯ ಮೇಲಿನ ಚಿತ್ರ ನೋಡಿ ಮಾರುತ್ತಾನೆ. ಇವನು ನೆಲ ನೋಡಿ ಹೇಳುತ್ತಿದ್ದ. ಒಂದು ಚದರ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಬಿಗಿದು, ಮರುದಿನ ಬಂದು ಎತ್ತಿ ನೋಡುವನು. ಅಡಿಯಲ್ಲಿ ಬೆವರಿದ್ದರೆ ಮನೆಯವರು ಎಷ್ಟೇ ಕುಣಿದರೂ ಅಂಟಿಸುತ್ತಿರಲಿಲ್ಲ. "ನೆಲ ಇನ್ನೂ ಅಳ್ತಾ ಇದೆ. ಅಳೋ ಮುಖಕ್ಕೆ ಪೌಡರ್ ನಿಲ್ಲತ್ತಾ?"

ಈ ವಿದ್ಯೆ ಅವನಿಗೆ ಬಂದದ್ದು ಚಳವಳಿಯಿಂದ. ನಾವು ನೆಲಗೆಲಸದವರ ಸಂಘ ಕಟ್ಟಿದ ವರ್ಷಗಳಲ್ಲಿ ಪೋಸ್ಟರ್ ಬರೆಯುವವರು ಹತ್ತಾರು ಮಂದಿ ಇದ್ದರು, ಅಂಟಿಸಲು ಬಲ್ಲವನು ಅವನೊಬ್ಬ. ಮೇಲ್ಸೇತುವೆಯ ಕಾಂಕ್ರೀಟು ಕಂಬಕ್ಕೆ ಹಿಟ್ಟಿನ ಅಂಟು ಹಿಡಿಯುವುದಿಲ್ಲ, ಬೆಳಗಾಗುವಷ್ಟರಲ್ಲಿ ನಮ್ಮ ಬೇಡಿಕೆಗಳೆಲ್ಲ ಸುರುಳಿ ಸುತ್ತಿ ಚರಂಡಿಯಲ್ಲಿ ಬಿದ್ದಿರುತ್ತಿದ್ದವು. ಅವನು ಕಂಬವನ್ನು ತಂತಿಬ್ರಷ್ಷಿನಿಂದ ಉಜ್ಜಿ ಪುಡಿ ಉದುರಿಸಿದ, ಮೊದಲು ತೆಳ್ಳಗೆ ಒಂದು ಕೈ ಕುಡಿಸಿದ, ಅದು ಇಂಗಿದ ಮೇಲೆ ಗಟ್ಟಿಯದು ಬಳಿದ. ಆಮೇಲೆ ಅವನ್ನು ಕೀಳಲು ಪೊಲೀಸರು ಸಲಿಕೆ ತಂದರೂ ಪೂರ್ತಿ ಬರಲಿಲ್ಲ. ಅಂಟಣ್ಣ ಎಂಬ ಹೆಸರು ಬಂದದ್ದು ಆಗಲೇ.

ಆ ಪೋಸ್ಟರಿನಲ್ಲಿ ಹದಿನೆಂಟು ಬೇಡಿಕೆಗಳಿದ್ದವು. ಹದಿನೇಳನೆಯದು, ಥಿನ್ನರ್ ಬಳಸುವವರಿಗೆ ಮೂಗುಬಾಯಿ ಮುಚ್ಚುವ ಒಳ್ಳೆಯ ಮಾಸ್ಕ್ ಕೊಡಬೇಕೆಂಬುದು. ಮಾತುಕತೆ ಆರನೆಯ ಬೇಡಿಕೆಗೇ ಮುಗಿಯಿತು. ಉಳಿದವಕ್ಕೆ ಕಂಪನಿಗಳು ಮೂಗಿಗೆ ತುಪ್ಪ ಸವರಿದವು, ನಾವು ನೆಕ್ಕಿಕೊಂಡು ಎದ್ದು ಬಂದೆವು. ಸಹಿ ಹಾಕಿದವರಲ್ಲಿ ನಾನೂ ಒಬ್ಬ. ತನ್ನ ಮೂಗಿನ ಬೇಡಿಕೆಯನ್ನು ತಾನೇ ಅಂಟಿಸಿ, ಕಂಬ ಸ್ವಚ್ಛ ಮಾಡುವ ಕೆಲಸ ಬಂದಾಗ ತಾನೇ ಹೋಗಿ ಕಿತ್ತವನು ಅವನು. "ಚೆನ್ನಾಗಿ ಅಂಟಿಸಿದ್ದೆ ಕಣಯ್ಯ, ಹದಿನೇಳನೇದು ಕೀಳಕ್ಕೇ ಅರ್ಧ ದಿನ ಆಯ್ತು" ಎಂದು ಆಮೇಲೆ ನಗುತ್ತಿದ್ದ.

ಹಾಲು ಸೀದ ಮರುದಿನದಿಂದ ಹೆಂಡತಿ ಅವನ ಜೊತೆ ಕೆಲಸಕ್ಕೆ ಹೊರಟಳು. ಕೈಯಲ್ಲೊಂದು ಹೆಣಿಗೆಯ ಚೀಲ. ಹೋದ ಮನೆಯಲ್ಲಿ ಬಕೆಟ್ ಬೋರಲು ಹಾಕಿ, ಕೋಣೆಯ ಬಾಗಿಲಲ್ಲಿ ಕೂತು ಹೆಣೆಯುವಳು. ಗಂಡನನ್ನು ಕಾಯುವ ಅನುಮಾನದ ಹೆಂಡತಿ ಎಂದು ಆ ಮನೆಗಳ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅವಳು ಕಾಯುತ್ತಿದ್ದುದು ಗಾಳಿಯನ್ನು. ಅವನು ಕೆರೆದ ಚೂರನ್ನು ಅವಳ ಅಂಗೈಗೆ ಹಾಕುವನು. ಅವಳು ಮೂಸಿ, ಕೆಮ್ಮಿದಂತೆ ಮಾಡಿ ಪಿಸುಗುಡುವಳು. ಥಿನ್ನರ್ ಸುರಿದ ಮೇಲೆ ಬಕೆಟ್ಟಿನ ಭಾಷೆ ಶುರು. ಕತ್ತರಿಯ ಹಿಡಿಯಿಂದ ಬಕೆಟ್ಟಿಗೆ ಒಂದು ಬಡಿತವೆಂದರೆ ಗಾಳಿ ಸರಿಯಿದೆ, ಕೆಲಸ ನಡೆಯಲಿ. ಎರಡು, ಕಿಟಕಿ ಪೂರ್ತಿ ತೆಗೆ. ಮೂರು, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೊರಗೆ ಬಾ. ನಾಲ್ಕು ವರ್ಷ ಹೀಗೆ ನಡೆಯಿತು. ಅವನು ತಲೆಯೆತ್ತಿ ನೋಡುತ್ತಲೂ ಇರಲಿಲ್ಲ, ಬಡಿತ ಕೇಳಿಸಿದರೆ ಸಾಕಿತ್ತು.

ಮಗಳ ಮನೆ ಅರ್ಧ ನೆಲದೊಳಗೆ ಹೂತ ಮನೆ. ರಸ್ತೆಯಿಂದ ಒಂಬತ್ತು ಮೆಟ್ಟಿಲು ಇಳಿಯಬೇಕು. ಇರುವುದೊಂದೇ ಕಿಟಕಿ, ಅದು ಒಳಗಿನಿಂದ ತಲೆಮಟ್ಟಕ್ಕೆ, ಹೊರಗಿನಿಂದ ಕಾಲುಮಟ್ಟಕ್ಕೆ. ಒಳಗೆ ಕೂತರೆ ಊರಿನ ಚಪ್ಪಲಿಗಳೆಲ್ಲ ಪರಿಚಯವಾಗುತ್ತವೆ. ಮಳೆಯಲ್ಲಿ ನೀರು ನುಗ್ಗಿ ಕಾರ್ಪೆಟ್ಟು ಕೊಳೆತಿತ್ತು. ಅಳಿಯ ಬಸ್ ಓಡಿಸುವವನು, ರಜೆಯ ದಿನ ಅದನ್ನು ಕಿತ್ತು ಬಿಸಾಡಿದ. ಅಡಿಯಲ್ಲಿ ಹಳದಿ ಅಂಟು ಗೋಡೆಯಿಂದ ಗೋಡೆಗೆ ಉಳಿಯಿತು. ಏಳು ತಿಂಗಳ ಮಗು ಆ ವಾರವೇ ಅಂಬೆಗಾಲಿಡಲು ಕಲಿತಿತ್ತು. ಅದರ ಅಂಗೈ, ಮೊಣಕಾಲು, ಕೊನೆಗೆ ಕೆನ್ನೆ ಕೂಡ ನೆಲಕ್ಕೆ ಅಂಟಿ ಬರುತ್ತಿದ್ದವು. ಎಳೆದರೆ ಚರ್ಮ ಕೆಂಪಾಗುತ್ತಿತ್ತು, ಬಾಯಿಗೆ ಕೈ ಹಾಕಿದರೆ ಕೂದಲು, ದಾರ, ಹಳದಿ ಚೂರು.

"ಅಪ್ಪ, ಊರವರ ನೆಲವೆಲ್ಲ ತೊಳೆದೆ, ನನ್ನದು ಯಾವಾಗ?" ಎಂದು ಮಗಳು ಫೋನ್ ಮಾಡಿದಳು.

ಮರುದಿನ ಬೆಳಗ್ಗೆ ಇಬ್ಬರೂ ಬಂದರು. ಮಗಳು ಮಗುವನ್ನೆತ್ತಿಕೊಂಡು ಮೇಲಿನ ಮನೆಗೆ ಹೋದಳು. ಅಲ್ಲಿ ಇರುವಾಕೆ ಮನೆಯ ಒಡತಿ, ವಯಸ್ಸಾದವಳು. ಮಧ್ಯಾಹ್ನದವರೆಗೆ ಇಟ್ಟುಕೊಳ್ಳುತ್ತೇನೆ, ಆಮೇಲೆ ನನಗೆ ಮಲಗಬೇಕು ಎಂದಿದ್ದಳು.

ಅಂಟಣ್ಣ ಕ್ರಮ ತಪ್ಪಲಿಲ್ಲ. ಮೂಲೆಯಲ್ಲಿ ಅಂಗೈಯಗಲ ಜಾಗ ಆರಿಸಿ ಮೊದಲು ಬಿಸಿನೀರಿನ ಬಟ್ಟೆ ಹಾಸಿದ. ಅರ್ಧ ಗಂಟೆ ಆದರೂ ಅಂಟು ಕದಲಲಿಲ್ಲ. ಬಿಸಿಗಾಳಿಯ ಗನ್ ಹಿಡಿದ. ಅದು ಕರಗಿ ಎಳೆಯೆಳೆಯಾಗಿ ಉಳಿಗೇ ಮೆತ್ತಿಕೊಂಡಿತು. ಚೂರು ಕೆರೆದು ಹೆಂಡತಿಯ ಅಂಗೈಗೆ ಹಾಕಿದ. ಅವಳು ಮೂಸಿ "ರಬ್ಬರ್" ಎಂದಳು. ಚೀಲದಲ್ಲಿ ಜೆಲ್ಲಿನ ಡಬ್ಬಿಯೂ ಇತ್ತು. ಅದಕ್ಕೆ ವಾಸನೆಯಿಲ್ಲ, ಬೆಂಕಿ ಸುಲಭಕ್ಕೆ ಹಿಡಿಯದು, ಆದರೆ ಒಂದು ಪೂರ್ತಿ ದಿನ ನೆನೆಯಬೇಕು. ಮಧ್ಯಾಹ್ನಕ್ಕೆ ಮಗು ಕೆಳಗೆ ಬರಬೇಕಲ್ಲ. ಥಿನ್ನರ್ ಡಬ್ಬಿಯನ್ನೇ ಕೈಗೆತ್ತಿಕೊಂಡ.

ಬೆಂಕಿಯ ವಿಷಯದಲ್ಲಿ ಅವನು ಮೊದಲಿಂದಲೂ ಪುಕ್ಕಲ. ಅಡುಗೆ ಒಲೆಯ ಸಿಲಿಂಡರ್ ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ ಹೊರಗಿಟ್ಟ. ಫ್ರಿಜ್ಜಿನ ಪ್ಲಗ್ ಕಿತ್ತ. ಹೆಂಡತಿಯ ಫೋನನ್ನೂ ತನ್ನದನ್ನೂ ಮೆಟ್ಟಿಲ ಮೇಲಿಟ್ಟ. ಕಿಟಕಿ ತೆಗೆಯಲು ಹೋದಾಗ ಹೊರ ಅಂಚಿನಲ್ಲಿ ಸಿಗರೇಟಿನ ತುಂಡುಗಳು ಸಾಲಾಗಿ ಬಿದ್ದಿದ್ದವು. ದಾರಿಹೋಕರಿಗೆ ಅದೇ ಬೂದಿಬಟ್ಟಲು. ಉರಿಯುವ ಒಂದು ತುಂಡು ಒಳಗೆ ಉರುಳಿದರೆ? ಕಿಟಕಿ ಬಿಗಿಯಾಗಿ ಮುಚ್ಚಿದ. ಮೂವತ್ತು ವರ್ಷದ ಕಸುಬಿನಲ್ಲಿ ಕಿಟಕಿ ಮುಚ್ಚಿ ಥಿನ್ನರ್ ಸುರಿದವನಲ್ಲ. ಆದರೆ ಬಾಗಿಲಲ್ಲಿ ಅವಳಿದ್ದಾಳೆ, ಹೆಚ್ಚಾದರೆ ಬಡಿಯುತ್ತಾಳೆ, ಎದ್ದು ಹೋದರಾಯಿತು ಎಂದುಕೊಂಡ.

ಹಳೇ ದುಪ್ಪಟಿಗಳನ್ನು ಥಿನ್ನರಿನಲ್ಲಿ ಅದ್ದಿ ನೆಲಕ್ಕೆ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿದ. ಮುಕ್ಕಾಲು ಗಂಟೆ ಬಿಟ್ಟು ಒಂದೊಂದೇ ಮಡಿಕೆ ಎತ್ತುತ್ತ ಕೆರೆಯತೊಡಗಿದ. ಅಂಟು ಲೋಳೆಯಾಗಿ ಉಳಿಯ ಮುಂದೆ ಸುರುಳಿ ಸುತ್ತಿ ಬರುತ್ತಿತ್ತು. ಕೆಳಗೆ ಬೂದು ಕಾಂಕ್ರೀಟು, ಸಣ್ಣ ಕಲ್ಲುಗಳು, ಎಂದೋ ಮೇಸ್ತ್ರಿ ಎಳೆದ ಕರಣೆಯ ಗೀರು. ಕಣ್ಣು ಉರಿಯಿತು, ಕಣ್ಣುರಿ ಅವನಿಗೆ ದಿನಾ ಇದ್ದದ್ದೇ. ತಲೆ ಸ್ವಲ್ಪ ಹಗುರವಾಯಿತು. ಬಕೆಟ್ಟಿನಿಂದ ಒಂದು ಬಡಿತ ಬಂತು. ಸರಿ, ಗಾಳಿ ಚೆನ್ನಾಗಿದೆ. ಮೊಣಕಾಲೂರಿ ಮುಂದೆ ಸರಿದ. ಸ್ವಲ್ಪ ಹೊತ್ತಿಗೆ ಮತ್ತೊಂದು ಬಡಿತ. ಅರ್ಧ ಕೋಣೆ ಮುಗಿದಿತ್ತು.

ಮೇಲಿನಿಂದ ಮಗಳು ಇಳಿದು ಬಂದ ಸದ್ದಾಯಿತು. ಮೂರನೆಯ ಮೆಟ್ಟಿಲಿಗೇ ನಿಂತುಬಿಟ್ಟಳು.

"ಅಮ್ಮ, ಹೇಗೆ ಕೂತಿದ್ದೀಯ ಇಲ್ಲಿ? ಗಂಟಲು ಹಿಡೀತಿದೆ. ಮೇಲಿನ ಬಾಗಿಲವರೆಗೂ ವಾಸನೆ."

ತಾಯಿಯ ಕೈಯಲ್ಲಿ ಕತ್ತರಿ ಇನ್ನೂ ಬಕೆಟ್ಟಿಗೆ ತಾಗಿಕೊಂಡೇ ಇತ್ತು. ಅಂಟಣ್ಣ ತಲೆಯೆತ್ತಿದ. ನಾಲ್ಕು ವರ್ಷದಲ್ಲಿ ಮೊದಲ ಸಲ, ಬಡಿತದ ಹೊತ್ತಿನಲ್ಲಿ ಅವಳ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ತನ್ನ ಕೈಗಡಿಯಾರ ನೋಡುತ್ತಿದ್ದಳು.

ಅವನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಮೂಗಿಗೆ ವೇಲು ಒತ್ತಿಕೊಂಡು ಅಂದಳು:

"ಮಗುವಿನ ಟವೆಲ್ ಕೊಡಮ್ಮ. ಮೇಲಿನ ಆಂಟಿ ಸ್ನಾನ ಮಾಡಿಸ್ತೀನಿ ಅಂತ ಕೂತಿದ್ದಾರೆ. ಅಲ್ಲಪ್ಪ, ಗೀಸರ್ ಪಕ್ಕದಲ್ಲೇ ಇದನ್ನೆಲ್ಲ ಸುರಿದರೆ ಏನೂ ಆಗಲ್ವಾ?"

"ಯಾವ ಗೀಸರ್?"

"ಮೇಲಿನ ಮನೇದು. ಆ ಮೂಲೇಲಿ, ಹಲಗೆ ಬಾಗಿಲ ಹಿಂದೆ."

ಗೋಡೆಗೆ ಹಚ್ಚಿದ ಬಣ್ಣವನ್ನೇ ಹಚ್ಚಿದ ಒಂದು ಹಲಗೆ. ಅವನು ಅದನ್ನು ಗೋಡೆಯೆಂದೇ ತಿಳಿದು, ಅದಕ್ಕೆ ಬೆನ್ನು ಒರಗಿಸಿ ಎರಡು ಸಲ ಸುಧಾರಿಸಿಕೊಂಡಿದ್ದ. ಈಗ ತಲೆ ಬಗ್ಗಿಸಿ ನೋಡಿದ. ಹಲಗೆಯ ಕೆಳಗೆ ಸಿಮೆಂಟಿನ ಕಟ್ಟೆ, ಒಂದು ಗೇಣು ಎತ್ತರ. ಕಟ್ಟೆಗೂ ಹಲಗೆಗೂ ನಡುವೆ ಬೆರಳು ತೂರುವಷ್ಟು ಸಂದು. ಆ ಸಂದಿನಲ್ಲಿ ಒಂದು ನೀಲಿ ಗೆರೆ ಸಣ್ಣಗೆ ನಡುಗುತ್ತಿತ್ತು.

ಗ್ಯಾಸ್ ಗೀಸರಿನೊಳಗೆ ಒಂದು ಚಿಕ್ಕ ದೀಪ ಸದಾ ಉರಿಯುತ್ತಿರುತ್ತದೆ. ಮೇಲೆ ಯಾರಾದರೂ ಬಿಸಿನೀರಿನ ನಲ್ಲಿ ತಿರುಗಿಸಿದರೆ ಅದು ಭುಗ್ಗೆಂದು ಅಗಲವಾಗಿ, ಸುತ್ತಲ ಗಾಳಿಯನ್ನು ಎಳೆದುಕೊಳ್ಳುತ್ತದೆ. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಹಾಗೆ ಹರಡಿ, ನೀರಿನ ಹಾಗೆ ಮಟ್ಟ ಏರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅದು ಕಟ್ಟೆಯ ಎಷ್ಟು ಬೆರಳು ಹತ್ತಿದೆ ಎಂದು ಹೇಳಲು ಆ ಕೋಣೆಯಲ್ಲಿ ಒಂದೂ ಮೂಗಿರಲಿಲ್ಲ.

ಅವನು ಕೂಗಲಿಲ್ಲ. ಉಳಿಯನ್ನು ಬಟ್ಟೆಯ ಮೇಲೆ ಸದ್ದಾಗದಂತೆ ಇಟ್ಟ. ಕಬ್ಬಿಣ ಕಲ್ಲಿಗೆ ಬಡಿದು ಕಿಡಿ ಹಾರಬಾರದು.

"ಮೇಲೆ ಹೋಗು" ಎಂದ ಮಗಳಿಗೆ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ನಲ್ಲಿ ಮುಟ್ಟಬೇಡಿ ಅನ್ನು. ಮಗುನ ಎತ್ಕೊಂಡು, ಆಂಟೀನೂ ಕರ್ಕೊಂಡು ರಸ್ತೆಗೆ ಬಾ."

"ಫೋನ್ ಮಾಡಿ ಹೇಳ್ತೀನಿ" ಎಂದು ಅವಳು ಜೇಬಿಗೆ ಕೈ ಹಾಕಿದಳು.

"ತೆಗೀಬೇಡ. ಬೆಲ್ ಒತ್ತಬೇಡ, ಲೈಟ್ ಮುಟ್ಟಬೇಡ. ಕೈಯಲ್ಲಿ ಬಾಗಿಲು ತಟ್ಟು. ಹೋಗು ಮಗಳೇ."

ಮಗಳು ಹೋದಳು. ಬಕೆಟ್ಟಿನ ಮೇಲಿದ್ದವಳು ಎದ್ದಿರಲಿಲ್ಲ. ಅವನು ಅವಳ ರಟ್ಟೆ ಹಿಡಿದು ಎತ್ತಿದ. ಹೆಣಿಗೆಯ ಉಂಡೆ ಉರುಳಿ ದುಪ್ಪಟಿಯ ಮೇಲೆ ಹೋಯಿತು. ಅವಳು ಅಭ್ಯಾಸಬಲದಿಂದ ಅದಕ್ಕೆ ಕೈ ಚಾಚಿದಳು. "ಬಿಡು" ಎಂದ. ಒಂಬತ್ತು ಮೆಟ್ಟಿಲು ಹತ್ತಿದರು. ಒಂದೊಂದು ಮೆಟ್ಟಿಲಿಗೂ ಅವನ ಕಿವಿ ಹಿಂದೆಯೇ ಇತ್ತು. ಮೇಲೆ ಕೊಳಾಯಿಯೊಳಗೆ ನೀರು ಓಡುವ ಗುರ್ ಎಂಬ ಸದ್ದು ಕೇಳಿದರೆ ಮುಗಿಯಿತು. ಮಗಳು ಮೇಲಿನ ಬಾಗಿಲು ತಟ್ಟುತ್ತಿದ್ದಳು. ಯಾರೂ ತೆರೆಯುತ್ತಿರಲಿಲ್ಲ. ಮುದುಕಿಗೆ ಕಿವಿ ಮಂದ.

ಗೀಸರಿಗೆ ಹೋಗುವ ಗ್ಯಾಸಿನ ಕೊಳವೆ ಹೊರಗೋಡೆಯಲ್ಲಿ, ಮೆಟ್ಟಿಲ ಪಕ್ಕದಲ್ಲಿತ್ತು. ಅದನ್ನು ಮುಚ್ಚುವ ಹಿಡಿಕೆ ತುಕ್ಕು ಹಿಡಿದು ಕೂತಿತ್ತು. ಅಂಗೈ ಸುಲಿಯುವಷ್ಟು ತಿರುಚಿದ. ಮಿಸುಕಲಿಲ್ಲ. ಹೆಂಡತಿ ತನ್ನ ಎರಡೂ ಕೈ ಅವನ ಕೈಯ ಮೇಲೆ ಹಾಕಿದಳು. ಇಬ್ಬರೂ ಹಲ್ಲು ಕಚ್ಚಿ ಭಾರ ಬಿಟ್ಟರು. ಅರ್ಧ ತಿರುಗಿತು, ಇನ್ನರ್ಧ ತಿರುಗಿತು, ನಿಂತಿತು. ಅದೇ ಹೊತ್ತಿಗೆ ಮೇಲೆ ಕೊಳಾಯಿ ಗುರ್ ಎಂದಿತು.

ಇಬ್ಬರೂ ಗೋಡೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

ಏನೂ ಆಗಲಿಲ್ಲ. ಮುದುಕಿ ಬಾಲ್ಕನಿಗೆ ಬಂದು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕೇಳಿದಳು, "ಬಿಸಿನೀರೇ ಬರ್ತಿಲ್ಲವಲ್ಲ, ಕೆಳಗೆ ಏನು ಮಾಡ್ಕೊಂಡ್ರಿ?"

ಒಳಗಿನ ಆವಿ ಹೋಗಲು ಮೂರು ತಾಸು ಹಿಡಿಯಿತು. ಅಲ್ಲಿಯವರೆಗೆ ತೆರೆದ ಬಾಗಿಲಿನಿಂದ ಅದು ಗಾಳಿಯ ಜೊತೆ ಬೆರೆತು ಮೆಟ್ಟಿಲೇರಿ ರಸ್ತೆಗೇ ಬರಬೇಕಿತ್ತು. ಮಗಳು, ಮಗು, ಮುದುಕಿ ಬೀದಿಯ ಆ ತುದಿಯ ಅಂಗಡಿಯ ಬೆಂಚಿನ ಮೇಲೆ ಕೂತರು. ಗಂಡ ಹೆಂಡತಿ ಮನೆಯ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು ಸಿಗರೇಟು ಹಿಡಿದವರನ್ನು ತಡೆದರು. ಚಳವಳಿ ಮುಗಿದ ಮೇಲೆ ಅವರು ರಸ್ತೆ ತಡೆದದ್ದು ಅದೇ ಮೊದಲು.

"ನಿಮ್ಮಪ್ಪನ ರಸ್ತೆಯಾ ಇದು?" ಎಂದನೊಬ್ಬ.

"ಹೌದು, ನಮ್ಮಪ್ಪಂದೇ" ಎಂದಳು ಅವಳು. "ಅದನ್ನ ಅಲ್ಲೇ ಹೊಸಕಿ, ಆ ಕಡೆಯಿಂದ ಹೋಗು."

ಜನ ಕಡಿಮೆಯಾದಾಗ ಅಂಟಣ್ಣ ಹತ್ತಿರ ಬಂದ. ಮುಖ ನೋಡಲಿಲ್ಲ.

"ಯಾವಾಗಿಂದ?"

"ಹೋದ ವರ್ಷ ಆ ಉದ್ದನೆ ಹಾಲ್ ಮಾಡಿದ್ರಲ್ಲ, ಆಗಿಂದ. ಮೊದಲು ಸೋಪಿನ ವಾಸನೆ ಹೋಯ್ತು. ಆಮೇಲೆ ಒಂದೊಂದೇ."

"ಬೆಳಗ್ಗೆ ರಬ್ಬರ್ ಅಂದೆಯಲ್ಲ?"

"ಬೆರಳಲ್ಲಿ ಎಳೆದ್ರೆ ಎಳೆ ಬಂತು. ನೋಡಿ ಹೇಳಿದೆ."

"ಬಡಿತ?"

"ಗಡಿಯಾರ ನೋಡ್ಕೊಂಡು. ಕಾಲು ಗಂಟೆಗೊಂದು. ಡಬ್ಬಿ ಅರ್ಧ ಖಾಲಿಯಾದ್ರೆ ಎರಡು. ಇಲ್ಲೀವರೆಗೆ ಕಿಟಕಿ ತೆಗೆದೇ ಇರ್ತಿತ್ತು, ನಡೀತು." ಅವಳು ಕೈಗಡಿಯಾರ ಬಿಚ್ಚುತ್ತ ಅಂದಳು, "ಹೇಳಿದ್ರೆ ನೀವು ಕೆಲಸ ಬಿಡ್ತಿದ್ರಿ. ಮನೇಲಿ ಕೂತ ನಿಮ್ಮನ್ನ ನಾನು ನೋಡಿದೀನಿ, ಚಳವಳಿ ಬಿದ್ದ ವರ್ಷ. ಮತ್ತೆ ಅದನ್ನ ನೋಡಕ್ಕೆ ನನಗೆ ಧೈರ್ಯ ಇರಲಿಲ್ಲ."

ಕುರುಡನೂ ಕುರುಡಿಯೂ ಕೈ ಕೈ ಹಿಡಿದು ಬಾವಿಯ ಕಟ್ಟೆಯ ಮೇಲೆ ಒಂದು ವರ್ಷ ಓಡಾಡಿದ್ದರು. ಎಷ್ಟು ಮನೆ ಎಂದು ಅವನು ಮನಸ್ಸಿನಲ್ಲಿ ಎಣಿಸಲು ನೋಡಿದ. ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಮಕ್ಕಳು, ಹಾಸಿಗೆ ಹಿಡಿದ ಒಬ್ಬ ಮುದುಕ, ಬಾಗಿಲ ಹೊರಗೆ ಮಲಗಿದ್ದ ನಾಯಿ. ಹನ್ನೊಂದಕ್ಕೆ ನಿಲ್ಲಿಸಿದ.

ವಿಷಯ ಮಗಳಿಗೆ ತಿಳಿಯದೆ ಉಳಿಯಲಿಲ್ಲ. ಮರುದಿನ ಅವನು ಜೆಲ್ ಡಬ್ಬಿ ಹಿಡಿದು ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಥಿನ್ನರ್ ಇದ್ರೆ ಅದನ್ನ ರಸ್ತೇಲೇ ಬಿಡು."

"ಇಲ್ಲ. ಇನ್ನು ಯಾವತ್ತೂ ಇಲ್ಲ. ಬೇಕಾದ್ರೆ ನೀನೇ ಮೂಸಿ ನೋಡು, ಇಲ್ಲೇ ಬಾಗಿಲಲ್ಲಿ..."

"ನನ್ನ ಮೂಗು ಕೊಡಲ್ಲಪ್ಪ. ಒಂದೇ ಮನೇಲಿ ಎರಡು ಹೋಗಿದ್ದು ಸಾಕು."

ಜೆಲ್ ಹಚ್ಚಿ, ಪ್ಲಾಸ್ಟಿಕ್ ಹೊದಿಸಿ, ಒಂದು ಇಡೀ ದಿನ ಬಿಟ್ಟು ಕೆರೆದ. ಉಳಿದದ್ದನ್ನು ಸೋಪುನೀರಿನಲ್ಲಿ ಮೂರು ಸಲ ತೊಳೆದ, ಒಣಗಲು ಬಿಟ್ಟ. ಹೊಸ ಹಾಳೆ ಅಂಟಿಸಲಿಲ್ಲ; ಟೇಪ್ ಹಾಕಿ ಬಿಗಿದು ನೋಡಿದ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಬೆವರಿತ್ತು. ಈಗ ಮಗು ಚಾಪೆಯ ಮೇಲೆ ಆಡುತ್ತದೆ. ಕೆಲಸದ ಕೊನೆಗೆ ಅವನು ಗೀಸರಿನ ಕಟ್ಟೆಗೆ ಟೇಪು ಹಿಡಿದು ಅಳತೆ ತೆಗೆದ. ಏಳೂವರೆ ಇಂಚು. ಆ ಅಂಕಿಯನ್ನು ಯಾರಿಗೂ ಹೇಳಲಿಲ್ಲ, ನನಗೆ ಹೇಳಿದ್ದು ಇತ್ತೀಚೆಗೆ.

ಆದರೆ ಅವನ ಹೆದರಿಕೆ ಆ ಕೋಣೆಯಲ್ಲಿ ಉಳಿಯಲಿಲ್ಲ, ಮಗುವಿನ ಹಿಂದೆ ಬಂತು. ಆ ದಿನ ಮೇಲಿನ ಬಾಗಿಲವರೆಗೂ ವಾಸನೆ ಹೋಗಿತ್ತಂತೆ. ಏಳು ತಿಂಗಳ ಮೂಗು ಎಷ್ಟು ತಡೆದೀತು? ಅದಕ್ಕೇನಾಗಿದ್ದರೆ ಮಗು ಹೇಳುವುದಾದರೂ ಹೇಗೆ? ಡಾಕ್ಟರು ನೋಡಿ ಏನೂ ಆಗಿಲ್ಲ ಎಂದರು. ಅವನು ನಂಬಲಿಲ್ಲ. ಒಂದು ಬೆಳ್ಳುಳ್ಳಿ ಎಸಳು ಜಜ್ಜಿ ಮಗುವಿನ ಮೂಗಿನ ಹತ್ತಿರ ಹಿಡಿದ. ಮಗು ಬೆಳ್ಳುಳ್ಳಿಯನ್ನು ನೋಡಿತು, ಅಜ್ಜನನ್ನು ನೋಡಿತು. ಅಜ್ಜಿ ಉಸಿರು ಬಿಡಲಿಲ್ಲ. ಆಮೇಲೆ ಪುಟ್ಟ ಮುಖ ಕಿವುಚಿಕೊಂಡು ಆ ಕಡೆ ತಿರುಗಿ, ಹೋ ಎಂದು ಅತ್ತಿತು. ಇಬ್ಬರೂ ಅಲ್ಲೇ ನೆಲಕ್ಕೆ ಕೂತರು.

ಅವತ್ತಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ವಾರಕ್ಕೊಮ್ಮೆ ಎಸಳು ಜಜ್ಜಿಕೊಂಡು ಬರುತ್ತಾನೆ. ಈಗ ಮಗುವಿಗೆ ಅಜ್ಜನನ್ನು ಕಂಡರೇ ಮುಖ ತಿರುಗಿಸುವ ರೂಢಿಯಾಗಿಬಿಟ್ಟಿದೆ, ಕೈಯಲ್ಲಿ ಬೆಳ್ಳುಳ್ಳಿ ಇರಲಿ ಬಿಡಲಿ. ಅದು ತಿರುಗುವುದು ವಾಸನೆಗೋ ತನ್ನ ಮುಖಕ್ಕೋ ಅವನಿಗೆ ತಿಳಿಯುವುದಿಲ್ಲ. ಹಾಗಾಗಿ ಈಚೆಗೆ ಹಿಂದಿನಿಂದ ಬಂದು, ಒಂದು ಅಂಗೈಯಿಂದ ಅದರ ಕಣ್ಣು ಮುಚ್ಚಿ, ಇನ್ನೊಂದು ಕೈಯ ಎಸಳನ್ನು ಅದರ ಮೂಗಿನ ಮುಂದೆ ತಂದು ಹಿಡಿಯುತ್ತಾನೆ. ಮಗು ಅಳುವವರೆಗೆ ಕದಲುವುದಿಲ್ಲ.